ಎಂಟನೆಯ ಬಿಟ್: ತಂತಿಯ ಮೇಲೆ ಕನ್ನಡ ದಾಟಿದ ಕಥೆ

ಇಂದಿನ ಸುಲ್ತಾನ್ ಬತ್ತೇರಿಯನ್ನು ನಮ್ಮ ಮನೆಯ ಹಿರಿಯರು ಕೊನೆಯವರೆಗೂ ಹನ್ನೆರಡು ಬೀದಿ ಎಂದೇ ಕರೆಯುತ್ತಿದ್ದರು. ಟಿಪ್ಪುವಿನ ಮದ್ದುಗುಂಡುಗಳ ಉಗ್ರಾಣ ಆ ಊರಿಗೆ ಹೊಸ ಹೆಸರು ಕೊಟ್ಟಿತು. ಹಳೆಯ ಹೆಸರಿನಲ್ಲಿ ಕನ್ನಡ ಉಳಿಯಿತು. ವಯನಾಡು ಮಲಬಾರಿನ ಭಾಗವಾಗಿದ್ದು 1956ರಲ್ಲಿ ಕೇರಳಕ್ಕೆ ಸೇರಿತು. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ಜೈನ ಗೌಡರ ಮನೆಗಳಲ್ಲಿ, ಗಡಿಯಂಚಿನ ಹಾಡಿಗಳಲ್ಲಿ, ಗುಂಡ್ಲುಪೇಟೆಯ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಕನ್ನಡ ಮಾತು ಉಳಿದುಬಂದಿದೆ. ಕೇರಳದ ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲೊಂದಾದ ಕಬಿನಿ ವಯನಾಡಿನ ನೀರನ್ನು ಹೊತ್ತು ತಿರುಮಕೂಡಲಿನಲ್ಲಿ ಕಾವೇರಿಗೆ ಒಪ್ಪಿಸುತ್ತದೆ. ನೀರಿಗೆ ಇದ್ದ ಈ ದಾರಿ ಅಕ್ಷರಕ್ಕೆ ಅಷ್ಟು ಸುಲಭವಾಗಿ ಸಿಗಲಿಲ್ಲ. ಬರೆದ ಕನ್ನಡವನ್ನು ಗಡಿ ದಾಟಿಸಲು ಅಂಚೆಯ ಚೀಲವೋ ಮೈಸೂರು ಬಸ್ಸಿನ ಕಂಡಕ್ಟರರ ಸೌಜನ್ಯವೋ ಬೇಕಾಗುತ್ತಿತ್ತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮೂರನೆಯ ಒಂದು ದಾರಿಯ ವಿಷಯ: ಟೆಲಿಫೋನ್ ತಂತಿಯ ಮೂಲಕ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಮೋಡೆಮ್ ಎಂಬ ಸಣ್ಣ ಪೆಟ್ಟಿಗೆಯ ನೆರವಿನಿಂದ ಕನ್ನಡವನ್ನು ಸಾಗಿಸಿದ ಕಾಲದ್ದು. ಅದು ಬಾಳಿದ್ದು ಹತ್ತು ಹನ್ನೆರಡು ವರ್ಷ ಮಾತ್ರ. ಆ ಅವಧಿಯಲ್ಲಿ ಕೆಟ್ಟದ್ದೇನು, ಏಕೆ ಕೆಟ್ಟಿತು, ಸರಿಪಡಿಸಿದ ಬಗೆ ಹೇಗೆ ಎಂಬುದನ್ನು ಬಲ್ಲವರು ವಿರಳವಾಗುತ್ತಿದ್ದಾರೆ. ನಮ್ಮ ಮನೆಯಲ್ಲಂತೂ ಅದರ ಒಂದು ತಪ್ಪು ಇಪ್ಪತ್ತು ವರ್ಷ ಅಣ್ಣತಮ್ಮಂದಿರ ನಡುವೆ ನಿಂತಿತು.

ತಂತಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ಮೋಡೆಮ್ಮಿಗಿಂತ ಹಳೆಯ ಸಂಗತಿ. ತಂತಿವರ್ತಮಾನ ಕಳಿಸುವವರು ಸಾವು ನೋವುಗಳನ್ನೂ ಇಂಗ್ಲಿಷಿನಲ್ಲೇ ತಿಳಿಸಬೇಕಾಗಿತ್ತು. ಕನ್ನಡದ ಮಾತಾದರೂ ರೋಮನ್ ಅಕ್ಷರ ತೊಟ್ಟುಕೊಳ್ಳಬೇಕಾಗಿತ್ತು. 1949ರಲ್ಲಿ ದೇವನಾಗರಿ ತಂತಿ ಆರಂಭವಾದರೂ ನಮ್ಮ ಲಿಪಿಗೆ ಆ ಭಾಗ್ಯ ದೊರೆಯಲಿಲ್ಲ. ಟೆಲೆಕ್ಸ್ ಯಂತ್ರ ಒಂದೊಂದು ಅಕ್ಷರಕ್ಕೆ ಐದು ಬಿಟ್ ಬಳಸುತ್ತಿತ್ತು. ಬಿಟ್ ಎಂದರೆ ಹೌದು ಅಥವಾ ಅಲ್ಲ, ಒಂದು ಅಥವಾ ಸೊನ್ನೆ. ಐದು ಬಿಟ್ಟುಗಳಿಂದ ಮೂಡುವ ಸಂಯೋಜನೆಗಳು 32 ಮಾತ್ರ. ನಮ್ಮ ವರ್ಣಮಾಲೆಯ ಅಕ್ಷರಗಳೇ ಅದಕ್ಕಿಂತ ಹೆಚ್ಚು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಏಳು ಬಿಟ್ಟುಗಳದ್ದು. ಅದರಲ್ಲಿ 128 ಸ್ಥಾನಗಳು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ವಿರಾಮ ಚಿಹ್ನೆ, ಯಂತ್ರಕ್ಕೆ ಬೇಕಾದ ಆಜ್ಞೆಗಳು ಎಲ್ಲವೂ ಅದರೊಳಗೆ ಹಿಡಿಸಿದವು. ಕಂಪ್ಯೂಟರಿನ ಒಂದು ಬೈಟಿನಲ್ಲಿ ಎಂಟು ಬಿಟ್ ಇರುವುದರಿಂದ ಒಂದು ಮಿಗುತ್ತಿತ್ತು. ಆ ಎಂಟನೆಯ ಬಿಟ್ಟನ್ನು ತಂತಿಯ ಮೇಲೆ ಕಾವಲಿಗೆ ಇಟ್ಟರು: ಅಕ್ಷರದಲ್ಲಿರುವ ಒಂದುಗಳ ಎಣಿಕೆ ಸಮಸಂಖ್ಯೆಯಾಗುವಂತೆ ಅದನ್ನು ಹೊಂದಿಸುವುದು, ಆ ಕಡೆಯಲ್ಲಿ ಎಣಿಕೆ ತಪ್ಪಿದರೆ ಅಕ್ಷರ ಕೆಟ್ಟಿದೆ ಎಂದು ತಿಳಿಯುವುದು. ಇದಕ್ಕೆ ಪ್ಯಾರಿಟಿ ಎಂದು ಹೆಸರು. ಓದುಗರು ಈ ಕಾವಲುಗಾರನನ್ನು ನೆನಪಿನಲ್ಲಿಟ್ಟಿರಬೇಕು. ಅವನು ಮತ್ತೆ ಬರುತ್ತಾನೆ.

ಮನೆಗಳಿಗೂ ಶಾಲೆಗಳಿಗೂ ಕಂಪ್ಯೂಟರು ಬರತೊಡಗಿದ್ದು 1980ರ ದಶಕದ ನಡುವೆ. 1984ರಲ್ಲಿ ಕೇಂದ್ರ ಸರಕಾರದ ಕ್ಲಾಸ್ ಯೋಜನೆ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ತಂದಿತು. ಸಿಕಂದರಾಬಾದಿನ ಡೆಸಿಬೆಲ್ಸ್ ಸಂಸ್ಥೆ ಇಂಗ್ಲೆಂಡಿನ ಸ್ಪೆಕ್ಟ್ರಮ್ ಯಂತ್ರವನ್ನು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ಈ ಯಂತ್ರಗಳು ಟಿವಿಯನ್ನೇ ಪರದೆಯಾಗಿಸಿಕೊಂಡು, ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಕಡತಗಳನ್ನು ಉಳಿಸುತ್ತಿದ್ದವು. ಬಿಬಿಸಿ ಮೈಕ್ರೋ ಸೊನ್ನೆಗೆ 1200 ಹರ್ಟ್ಸಿನ ಒಂದು ಸ್ವರ, ಒಂದಕ್ಕೆ 2400 ಹರ್ಟ್ಸಿನ ಇನ್ನೊಂದು ಸ್ವರ ಹೊರಡಿಸುತ್ತಿತ್ತು. ಒಬ್ಬರ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದ ಕಡತ ಇನ್ನೊಬ್ಬರದ್ದರಲ್ಲಿ ಓಡದಿದ್ದರೆ ತಲೆಯ ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತು ತಿರುಗಿಸಿ, ಸ್ವರ ಅತ್ಯಂತ ಚೂಪಾಗಿ ಕೇಳುವಲ್ಲಿ ನಿಲ್ಲಿಸುವುದೇ ಮದ್ದು. ಕಿವಿಯಿಂದ ಕಂಪ್ಯೂಟರು ರಿಪೇರಿ ಮಾಡಿದ ತಲೆಮಾರು ನಮ್ಮದು.

ಮೋಡೆಮ್ ಮಾಡುವುದೂ ಇದೇ ಕೆಲಸ. ಕ್ಯಾಸೆಟ್ಟಿನ ಬದಲಿಗೆ ಟೆಲಿಫೋನು ತಂತಿ. ಈ ತುದಿಯಲ್ಲಿ ಸೊನ್ನೆ ಒಂದುಗಳನ್ನು ಸ್ವರವಾಗಿಸಿ ಆ ತುದಿಯಲ್ಲಿ ಸ್ವರವನ್ನು ಮರಳಿ ಸೊನ್ನೆ ಒಂದುಗಳಾಗಿಸುತ್ತದೆ. 1981ರಲ್ಲಿ ಅಮೆರಿಕದ ಹೇಯ್ಸ್ ಸಂಸ್ಥೆ ತಂದ ಸ್ಮಾರ್ಟ್‌ಮೋಡೆಮ್ ಕೀಲಿಮಣೆಯಿಂದಲೇ ಆಜ್ಞೆ ಪಡೆಯುತ್ತಿತ್ತು. ಎಟಿ ಎಂಬ ಎರಡಕ್ಷರಗಳಿಂದ ಆರಂಭವಾಗುವ ಆ ಆಜ್ಞೆಗಳನ್ನೇ ಮುಂದೆ ಎಲ್ಲ ತಯಾರಕರೂ ಒಪ್ಪಿಕೊಂಡರು.

ತಂತಿಯಲ್ಲಿ ಗೊರಗೊರ ಸದ್ದು ಬಂದರೆ ಅದೂ ಅಕ್ಷರವಾಗಿಯೇ ಆ ಕಡೆ ಇಳಿಯುತ್ತದೆ. ಇದಕ್ಕೆ 1977ರಲ್ಲಿ ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ಕಂಡುಕೊಂಡ ಪರಿಹಾರ ಎಕ್ಸ್‌ಮೋಡೆಮ್. ಕಡತವನ್ನು 128 ಬೈಟುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಮತ್ತು ಮೊತ್ತ ಹಚ್ಚಿ ಕಳಿಸುವುದು. ಮೊತ್ತ ತಾಳೆಯಾದರೆ ಆ ಕಡೆಯ ಯಂತ್ರ ಮುಂದಿನದನ್ನು ಕೇಳುತ್ತದೆ, ಇಲ್ಲವಾದರೆ ಅದನ್ನೇ ಮತ್ತೆ ಕೇಳುತ್ತದೆ. ದಿನಸಿ ಅಂಗಡಿಯ ಚೀಟಿಯನ್ನು ಇಬ್ಬರು ಕೂಡಿ ನೋಡಿದ ಹಾಗೆ. ಮರುವರ್ಷದ ಫೆಬ್ರವರಿಯಲ್ಲಿ, ಹಿಮ ಬಿದ್ದು ಊರು ಮುಚ್ಚಿದ್ದ ದಿನಗಳಲ್ಲಿ ಗೆಳೆಯ ರ್‍ಯಾಂಡಿ ಸೂಸ್ ಜೊತೆಗೂಡಿ ಆತ ಕಟ್ಟಿದ ಗಣಕ ಸೂಚನಾಫಲಕ ಲೋಕಕ್ಕೆಲ್ಲ ಮಾದರಿಯಾಯಿತು. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕರ್ಮಿಟ್ ಹುಟ್ಟಿತು. ಮಕ್ಕಳ ಗೊಂಬೆಯಾಟದ ಕಪ್ಪೆಯ ಹೆಸರು ಅದಕ್ಕೆ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಜ಼ಡ್‌ಮೋಡೆಮ್ ಬರೆದರು. ನಡುವೆ ತಂತಿ ಕಡಿದರೆ ನಿಂತಲ್ಲಿಂದಲೇ ಮುಂದುವರಿಯುವ ಜಾಣತನ ಅದರದ್ದು. ಎಸ್‌ಟಿಡಿ ದರ ತೆರುತ್ತಿದ್ದವರಿಗೆ ಅದರ ಬೆಲೆ ಗೊತ್ತು.

ಇವೆಲ್ಲ ಇಂಗ್ಲಿಷಿನ ಜಗತ್ತು. ಕನ್ನಡ ಇದರೊಳಗೆ ಕಾಲಿಟ್ಟದ್ದು ಎಂಟನೆಯ ಬಿಟ್ಟಿನ ಬಾಗಿಲಿನಿಂದ. ಕಾನ್ಪುರದ ಐಐಟಿಯಲ್ಲಿ ದೇವನಾಗರಿಗಾಗಿ ಆರಂಭವಾದ ಕೆಲಸ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಎಂಬ ತಂತ್ರಜ್ಞಾನವಾಗಿ ಬೆಳೆಯಿತು. ಪಿಸಿಯೊಳಗೆ ಕೂರಿಸಬಹುದಾದ ಜಿಸ್ಟ್ ಕಾರ್ಡು ಬಂದಾಗ ಡಾಸ್ ಪರದೆಯ ಮೇಲೆ ಕನ್ನಡ ನಿಂತಿತು. ಅದರ ಹಿಂದಿದ್ದ ಸಂಕೇತಕ್ಕೆ ಇಸ್ಕಿ ಎಂದು ಹೆಸರು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಇಸ್ಕಿಯಲ್ಲಿ ಮೊದಲ 128 ಸ್ಥಾನಗಳು ಯಥಾಪ್ರಕಾರ ಇಂಗ್ಲಿಷಿಗೆ. ಭಾರತೀಯ ಅಕ್ಷರಗಳೆಲ್ಲ ಅದರಾಚೆಗೆ, ಅಂದರೆ ಎಂಟನೆಯ ಬಿಟ್ ಒಂದಾಗಿರುವ ಕಡೆ. ಅದರ ಸೊಗಸು ಇನ್ನೊಂದು: ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಸಂಖ್ಯೆ. ಕ ಎಂದರೆ 179. ಅದನ್ನು ಕನ್ನಡದಲ್ಲಿ ತೋರಿಸುವುದೋ ಮಲಯಾಳದಲ್ಲಿ ತೋರಿಸುವುದೋ ಕಾರ್ಡಿಗೆ ಬಿಟ್ಟ ವಿಷಯ. ಒಂದು ಕೀಲಿ ಒತ್ತಿದರೆ ಪರದೆಯ ಮೇಲಿನ ಕನ್ನಡವೆಲ್ಲ ಮಲಯಾಳ ಲಿಪಿಗೆ ಹೊರಳುತ್ತಿತ್ತು. ಮನೆಮಾತು ಕನ್ನಡ, ಶಾಲೆಯ ಲಿಪಿ ಮಲಯಾಳ ಎನ್ನುವ ವಯನಾಡಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಯಂತ್ರವೂ ಮಾಡಿರಲಾರದು.

ನಮ್ಮ ದೊಡ್ಡಪ್ಪನವರು ತಮ್ಮ ನೆನಪುಗಳನ್ನು ಬರೆಸಬೇಕೆಂದು ಹೊರಟದ್ದು 1993ರಲ್ಲಿ. ಕಣ್ಣಿಗೆ ಪೊರೆ ಬಂದಿತ್ತು. ಅವರು ಹೇಳುತ್ತಾ ಹೋದರು, ಬತ್ತೇರಿಯ ಗೆಳೆಯರೊಬ್ಬರ ಮುದ್ರಣಾಲಯದಲ್ಲಿದ್ದ ಪಿಸಿಯ ಮುಂದೆ ಕುಳಿತು ನಾನು ನೇರವಾಗಿ ಕೀಲಿಸುತ್ತಾ ಹೋದೆ. ಹಾಗಾಗಿ ಕೈಬರಹದ ಪ್ರತಿ ಇಲ್ಲ. ಬಸದಿಯ ಪೂಜೆ, ಮಲೇರಿಯಾದ ವರ್ಷಗಳು, ಕಾಫಿಯ ಬೆಲೆ ಬಿದ್ದದ್ದು, ಮನೆ ಹಿಸ್ಸೆಯಾದದ್ದು, ಎಲ್ಲ ಸೇರಿ 40,000 ಬೈಟುಗಳ ಕಡತ; ಅಚ್ಚಿನಲ್ಲಿ ಹದಿನಾರು ಪುಟ. ಕನ್ನಡ ಅಚ್ಚುಮೊಳೆ ಚೆನ್ನಾಗಿ ಬರುವುದು ಮೈಸೂರಿನಲ್ಲಿ ಎಂದು ದೊಡ್ಡಪ್ಪನವರ ಹಟ. ಅಲ್ಲಿಯ ಪರಿಚಿತರೊಬ್ಬರಲ್ಲೂ ಜಿಸ್ಟ್ ಕಾರ್ಡು, 2400 ವೇಗದ ಮೋಡೆಮ್ ಇದ್ದವು. ಬಸ್ಸಿನಲ್ಲಿ ಫ್ಲಾಪಿ ಕಳಿಸಿದ್ದರೆ ಮರುದಿನ ತಲುಪುತ್ತಿತ್ತು; ಅದನ್ನು ಈಗ ಹೇಳುವುದು ಸುಲಭ. ಹೊಸ ಯಂತ್ರ ಕೈಗೆ ಬಂದ ಹುಮ್ಮಸ್ಸು ನನ್ನದು.

ರಾತ್ರಿ 11ರ ಬಳಿಕ ಎಸ್‌ಟಿಡಿ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಆದ್ದರಿಂದ ಇದೆಲ್ಲ ನಡೆದದ್ದು ಅರ್ಧರಾತ್ರಿಗಳಲ್ಲಿ. ಮೊದಲ ತೊಡಕು ಡಯಲ್ ಮಾಡುವುದರಲ್ಲೇ. ಮೋಡೆಮ್ ಸ್ವರದಿಂದ ಸಂಖ್ಯೆ ಒತ್ತುತ್ತಿತ್ತು, ನಮ್ಮ ಸಂಪರ್ಕ ಅರ್ಥಮಾಡಿಕೊಳ್ಳುತ್ತಿದ್ದುದು ಹಳೆಯ ತಿರುಗು ಚಕ್ರದ ಟಕಟಕ ಮಿಡಿತವನ್ನು. ಆಜ್ಞೆಯಲ್ಲಿ ಟಿ ಇದ್ದಲ್ಲಿ ಪಿ ಎಂದು ಬದಲಿಸಿದೆವು. ಆಮೇಲೆ ಡಯಲ್ ಟೋನ್ ಇಲ್ಲ ಎಂದು ಮುಷ್ಕರ ಹೂಡಿತು. ರಿಸೀವರ್ ಎತ್ತಿದರೆ ನಮಗೆ ಟೋನು ಕೇಳುತ್ತಿದೆ, ಪರದೇಶದ ಟೋನಿಗೆ ಪಳಗಿದ ಮೋಡೆಮ್ಮಿಗೆ ಕೇಳಿಸುತ್ತಿಲ್ಲ. ಎಟಿಎಕ್ಸ್3 ಎಂದು ಬರೆದರೆ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತದೆ ಎಂಬುದನ್ನು ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿಕೊಂಡೆವು. ಸಿ-ಡಾಟ್ ಸಂಸ್ಥೆಯ ದೇಶೀ ವಿದ್ಯುನ್ಮಾನ ವಿನಿಮಯ ಕೇಂದ್ರ ಹಳ್ಳಿಗಾಡಿಗೆ ಮೊದಲು ಬಂದದ್ದು 1986ರಲ್ಲಿ ನಮ್ಮ ಕಿತ್ತೂರಿಗೇ. ಇಂಥ ಕೇಂದ್ರಗಳು ಹರಡಿದಂತೆ ಈ ಪಾಡು ಹಲವೆಡೆ ಕಡಿಮೆಯಾಯಿತು.

ಸಂಪರ್ಕ ಸಿಕ್ಕಿತು. ಮೈಸೂರಿನವರಿಗೆ ಸ್ವಾಗತವೆಂದು ‘ಕನ್ನಡ’ ಎಂಬ ಒಂದೇ ಪದವನ್ನು ಕೀಲಿಸಿದೆ. ಅವರು ತಮ್ಮ ಪರದೆಯ ಮೇಲೆ ಕಂಡದ್ದನ್ನು ಮರುದಿನ ಫೋನಿನಲ್ಲಿ ಓದಿ ಹೇಳಿದರು: ಮೂರು ಎಂಬ ಅಂಕಿ, ಇಂಗ್ಲಿಷಿನ ಎಫ್, ಚಿಕ್ಕ ಎಚ್, ಮತ್ತೊಂದು ಎಫ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಇಸ್ಕಿಯಲ್ಲಿ ಕ 179, ನ 198, ಹಲಂತ 232, ಮತ್ತೆ ನ 198, ಡ 191. ಪ್ರತಿಯೊಂದರಿಂದಲೂ 128 ಕಳೆದರೆ 51, 70, 104, 70, 63. ಆಸ್ಕಿಯಲ್ಲಿ 51 ಎಂದರೆ ಮೂರು, 70 ಎಫ್, 104 ಚಿಕ್ಕ ಎಚ್, 63 ಪ್ರಶ್ನಾರ್ಥಕ. 128 ಎಂದರೆ ಎಂಟನೆಯ ಬಿಟ್ಟಿನ ತೂಕ. ಎರಡೂ ಕಡೆಯ ಸಂವಹನ ತಂತ್ರಾಂಶಗಳು ಏಳು ಬಿಟ್, ಸಮ ಪ್ಯಾರಿಟಿ ಎಂಬ ರೂಢಿಯ ಹೊಂದಾಣಿಕೆಯಲ್ಲಿದ್ದವು. ಎಂಟನೆಯ ಸ್ಥಾನದಲ್ಲಿ ಕುಳಿತಿದ್ದ ಕಾವಲುಗಾರ ಕನ್ನಡವನ್ನು ಹೊಸ್ತಿಲಲ್ಲೇ ತಡೆದಿದ್ದ. ಇಂಗ್ಲಿಷ್ ಪದಗಳೂ ಪುಟಸಂಖ್ಯೆಗಳೂ ಒಂದಕ್ಷರ ಕೆಡದೆ ದಾಟುತ್ತಿದ್ದುದರಿಂದ ತಂತಿ ಸರಿಯಿದೆ ಎಂದೇ ಯಾರಾದರೂ ಹೇಳುತ್ತಿದ್ದರು.

ಆ ಸ್ಥಿತಿಯಲ್ಲೇ ಎಕ್ಸ್‌ಮೋಡೆಮ್ ಪ್ರಯತ್ನಿಸಿದೆವು. ಅದು ಮೊದಲ ತುಂಡಿನಲ್ಲೇ ನಿಂತಿತು. ಕಾರಣ ಹೊಳೆಯಲು ಎರಡು ರಾತ್ರಿ ಬೇಕಾಯಿತು: ಎಕ್ಸ್‌ಮೋಡೆಮ್ ಕ್ರಮಸಂಖ್ಯೆ 1ರ ಪಕ್ಕದಲ್ಲಿ ಅದರ ವಿಲೋಮವಾದ 254ನ್ನು ಬರೆಯುತ್ತದೆ, ಏಳು ಬಿಟ್ಟಿನ ದಾರಿಯಲ್ಲಿ 254 ಎಂಬುದು 126 ಆಗಿ ತಲುಪುತ್ತದೆ, ಲೆಕ್ಕ ತಾಳೆಯಾಗದೆ ಆ ಕಡೆಯ ಯಂತ್ರ ಅದನ್ನೇ ಮತ್ತೆ ಮತ್ತೆ ಕೇಳಿ ಸುಸ್ತಾಗುತ್ತದೆ. ಕರ್ಮಿಟ್ ಮಾತ್ರ ಏಳು ಬಿಟ್ಟಿನ ಇಕ್ಕಟ್ಟಿಗೆಂದೇ ಹುಟ್ಟಿದ್ದು. ಎಂಟನೆಯ ಬಿಟ್ ಇರುವ ಅಕ್ಷರದ ಮುಂದೆ ಅದು ಆಂಪರ್ಸೆಂಡ್ ಎಂಬ ಗುರುತು ಹಚ್ಚಿ, ಅಕ್ಷರವನ್ನು ಏಳು ಬಿಟ್ಟಿಗೆ ಇಳಿಸಿ ಕಳಿಸಿ, ಆ ಕಡೆ ಮತ್ತೆ ಏರಿಸುತ್ತದೆ. ಆದರೆ ಪ್ಯಾರಿಟಿ ಯಾವುದೆಂದು ನಾವೇ ಮೊದಲು ತಿಳಿಸಬೇಕು. ತಿಳಿಸದಿದ್ದರೆ ಅದಕ್ಕೂ ಎಡವಟ್ಟು. ಇಂಗ್ಲಿಷ್ ಕಡತದಲ್ಲಿ ಈ ಗುರುತು ಬೇಕಾಗುವುದೇ ಇಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಬೇಕು. ಕಡತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ‘ಇ’ ಅಕ್ಷರಕ್ಕಂತೂ ಮೂರು ಪಾಲು ತೆರಿಗೆ, ಏಕೆಂದರೆ ಏಳು ಬಿಟ್ಟಿಗೆ ಇಳಿದಾಗ ಅದು ತಾನೇ ಆಂಪರ್ಸೆಂಡ್ ಆಗಿಬಿಡುತ್ತದೆ, ಅದನ್ನು ಮರೆಮಾಚಲು ಇನ್ನೊಂದು ಗುರುತು ಬೇಕು. ನಮ್ಮ ದೊಡ್ಡಪ್ಪನವರ ಪೂರ್ಣ ಕಡತ ಮೊದಲ ಬಾರಿ ಮೈಸೂರು ಸೇರಿದ್ದು ಹೀಗೆ, ಕಪ್ಪೆಯ ಬೆನ್ನೇರಿ.

ಇದೇ ಇಕ್ಕಟ್ಟನ್ನು ಸಮುದ್ರದಾಚೆಯ ಕನ್ನಡಿಗರು ಬೇರೆ ರೀತಿಯಲ್ಲಿ ದಾಟಿದರು. ವಿಶ್ವವಿದ್ಯಾಲಯಗಳ ಯೂಸ್‌ನೆಟ್ ಚರ್ಚಾಕೂಟಗಳಲ್ಲಿ, ಇಮೇಲ್‌ಗಳಲ್ಲಿ ಏಳು ಬಿಟ್ಟಿನ ಸಾಲುಗಳು ಮಾತ್ರ ನೆಮ್ಮದಿಯಾಗಿ ಸಾಗುತ್ತಿದ್ದವು. ಅವರು ಕನ್ನಡಕ್ಕೆ ಇಂಗ್ಲಿಷಿನ ವೇಷ ತೊಡಿಸಿದರು: ನ ಬೇಕಾದಲ್ಲಿ ಚಿಕ್ಕ ಎನ್, ಣ ಬೇಕಾದಲ್ಲಿ ದೊಡ್ಡ ಎನ್, ಲಕಾರಕ್ಕೆ ಚಿಕ್ಕ ಎಲ್, ಳಕಾರಕ್ಕೆ ದೊಡ್ಡದು. ಮುಂದೆ ಬರಹ ತಂತ್ರಾಂಶದಲ್ಲಿ ಕೀಲಿಸಿದವರಿಗೆ ಈ ಪದ್ಧತಿ ಚಿರಪರಿಚಿತ. ಇಂದು ಮೊಬೈಲಿನಲ್ಲಿ ರೋಮನ್ ಕನ್ನಡ ಬರೆಯುವ ನಮ್ಮ ಮಕ್ಕಳನ್ನು ಗದರುವ ಮುನ್ನ, ಅದು ಒಂದು ಕಾಲಕ್ಕೆ ಕನ್ನಡವನ್ನು ತಂತಿಯ ಮೇಲೆ ಜೀವಂತ ಉಳಿಸಿದ ಉಪಾಯವಾಗಿತ್ತೆಂದು ನೆನೆಯುವುದು ನ್ಯಾಯ.

ನಾವು ಎರಡೂ ತುದಿಗಳನ್ನು ಎಂಟು ಬಿಟ್, ಪ್ಯಾರಿಟಿ ಇಲ್ಲ ಎಂಬ ಹೊಂದಾಣಿಕೆಗೆ ತಂದೆವು. ಜ಼ಡ್‌ಮೋಡೆಮ್ ಹಚ್ಚಿದಾಗ 40,000 ಬೈಟುಗಳು ಮೂರು ನಾಲ್ಕು ನಿಮಿಷಗಳಲ್ಲಿ ಹೋದವು. ಕಾವಲುಗಾರನನ್ನು ಎಬ್ಬಿಸಿ ಆ ಜಾಗದಲ್ಲಿ ಕನ್ನಡವನ್ನು ಕೂರಿಸಿದ್ದೆವು. ಇನ್ನು ಕಾವಲು ಕಾಯುವ ಹೊಣೆ ಪೂರ್ತಿಯಾಗಿ ಜ಼ಡ್‌ಮೋಡೆಮ್‌ನಂಥ ಕ್ರಮಗಳದ್ದು. ಇದು ನನಗೆ ಬುದ್ಧಿಯಲ್ಲಿ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ.

ಕೊನೆಯ ಎರಡು ಪುಟಗಳನ್ನು ದೊಡ್ಡಪ್ಪನವರು ತಿದ್ದಿಸಿದರು. ತುಲಾಮಳೆಯ ರಾತ್ರಿ, ತಂತಿಯಲ್ಲಿ ಗೊರಗೊರ. 2400 ವೇಗ ನಿಲ್ಲದೆ ಮೋಡೆಮ್ 300ಕ್ಕೆ ಇಳಿಯಿತು. ಇರುವುದು 5,000 ಬೈಟು, ಮೂರು ನಿಮಿಷದ ಕೆಲಸ, ಗುಡುಗು ಹತ್ತಿರವಾಗುತ್ತಿದೆ. ಯಾವ ಕ್ರಮವನ್ನೂ ಹಚ್ಚದೆ ಕಡತವನ್ನು ಸರಳ ಪಠ್ಯವಾಗಿ ಸುರಿದುಬಿಟ್ಟೆ. ಹೋಯಿತು ಎಂದು ಮೈಸೂರಿನವರು ಹೇಳಿದರು. ಕರಡು ಕಳಿಸಿ ಎಂದು ಕೇಳುವ ವ್ಯವಧಾನವೂ ನನಗಿರಲಿಲ್ಲ. ಅದೇ ವಾರ ಸಿಡಿಲು ತಂತಿಯ ಗುಂಟ ಒಳಬಂದು ಮೋಡೆಮ್ಮನ್ನೂ ಪಿಸಿಯನ್ನೂ ಸುಟ್ಟಿತು. ಗೆಳೆಯರು ಆ ಬಳಿಕ ಕೊಂಡ ಯಂತ್ರಕ್ಕೆ ಜಿಸ್ಟ್ ಕಾರ್ಡೂ ಇರಲಿಲ್ಲ, ಐದೂಕಾಲು ಅಂಗುಲದ ಫ್ಲಾಪಿಯ ಬಾಯಿಯೂ ಇರಲಿಲ್ಲ.

ಪುಸ್ತಕ ಬಂತು. ಹದಿನೈದನೆಯ ಪುಟದಲ್ಲಿ, ಮನೆ ಹಿಸ್ಸೆಯಾದ ವರ್ಷದ ಮಾತಿನಲ್ಲಿ, ತಮ್ಮನಿಗೆ ತೋಟದ ಮಾಲು ಕೊಟ್ಟು ಬೇರೆ ಮನೆ ಕಟ್ಟಿಸಿದೆ ಎಂದು ಅಚ್ಚಾಗಿತ್ತು. ಮಾಲು ಎಂದರೆ ಆ ವರ್ಷದ ಕಾಫಿ, ಮೆಣಸು. ಚಿಕ್ಕಪ್ಪನವರು ಅದನ್ನು ಓದಿ ಪುಸ್ತಕ ಮುಚ್ಚಿಟ್ಟರು. ತಾನು ಪಡೆದದ್ದು ಹಕ್ಕಿನ ನೆಲ, ದಾನದ ಮೂಟೆಯಲ್ಲ ಎಂಬುದು ಅವರ ನೋವು. ನಾನು ಹೇಳಿದ್ದು ಪಾಲು ಎಂದು ದೊಡ್ಡಪ್ಪನವರು. ಅಚ್ಚಾದದ್ದು ಬೇರೆ ಎಂದು ಚಿಕ್ಕಪ್ಪನವರು. ತಪ್ಪು ತಂತಿಯದಿರಬೇಕು ಎಂದು ನಾನು ಹೋಗಿ ಹೇಳಿದೆ. ‘ಯಂತ್ರಕ್ಕೆ ನಮ್ಮ ಮನೆಯ ವ್ಯವಹಾರ ಹೇಗೆ ಗೊತ್ತಾಗುತ್ತದೆ? ಕೆಡುವುದಾದರೆ ಅರ್ಥವಿಲ್ಲದ ಹಾಗೆ ಕೆಡಬೇಕಿತ್ತು. ನೀನು ಅದರ ಮೇಲೆ ಹೊರಿಸಬೇಡ’ ಎಂದರು. ಆ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಸದಿಯ ಪೂಜೆಗೆ ಅವರು ಬೇರೆ ಹೊತ್ತಿನಲ್ಲಿ ಬರತೊಡಗಿದರು. ದೊಡ್ಡಪ್ಪನವರು 1999ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಜಗತ್ತು ಮುಂದೆ ಹೋಗಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಅಕ್ಷರಗಳು ಮಾತ್ರ ಕಾಣುವ ಖಾತೆಗೆ 250 ಗಂಟೆಗಳಿಗೆ 5,000 ರೂಪಾಯಿ, ಚಿತ್ರಗಳೂ ಕಾಣಬೇಕಾದರೆ 15,000. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಬಂತು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಒಪ್ಪುವ ಕೀಲಿಮಣೆಯನ್ನು ರೂಪಿಸಿ, ಅದನ್ನು ಅಳವಡಿಸಿದ ತಂತ್ರಾಂಶಕ್ಕೆ ಸೇಡಿಯಾಪು ಎಂದು ಹೆಸರಿಟ್ಟು ಉಚಿತವಾಗಿ ಹಂಚಿದ್ದರು. 1998ರಲ್ಲಿ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಮುದ್ರಣಕ್ಕೆಂದು ಬಂದ ತಂತ್ರಾಂಶಗಳಾದರೋ ಅಕ್ಷರದ ಬದಲು ಅಕ್ಷರದ ತುಂಡುಗಳಿಗೆ, ಕೊಂಬು ಗುಡಿಸುಗಳಿಗೆ, ತಮಗೆ ತೋಚಿದಂತೆ ಸಂಖ್ಯೆ ಕೊಟ್ಟವು. ಒಂದರ ಕಡತ ಇನ್ನೊಂದರಲ್ಲಿ ತೆರೆದರೆ ಮತ್ತದೇ ಗೊಜ್ಜು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಸಾಮಾನ್ಯರ ಪಿಸಿಗೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಈ ನಡುವಿನ ಹದಿನೈದು ವರ್ಷಗಳಲ್ಲಿ ಫ್ಲಾಪಿಗಳಿಗೆ ಹೋದ ಕನ್ನಡ ಎಷ್ಟೋ. ನಮ್ಮ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಮೂಲಕಡತಗಳೂ ಅದರಲ್ಲಿವೆ. ಫ್ಲಾಪಿಯ ಮೇಲಿನ ಲೇಪಕ್ಕೆ ಬೂಷ್ಟು ಹಿಡಿಯಲು ವಯನಾಡಿನ ಎರಡು ಮಳೆಗಾಲ ಸಾಕು. ಕಪಾಟಿನಲ್ಲಿ ಇಟ್ಟುಕೊಂಡವರು ತಡಮಾಡದೆ ತೆಗೆಸುವುದು ಒಳ್ಳೆಯದು.

ನನ್ನ ಫ್ಲಾಪಿ ಅಕ್ಕಿಡಬ್ಬಿಯೊಂದರಲ್ಲಿ ಒಣಗಿದ ಮೆಣಸಿನಕಾಳಿನ ಜೊತೆ ಉಳಿದಿತ್ತು. 2014ರಲ್ಲಿ ಮೈಸೂರಿನ ಗೆಳೆಯರೊಬ್ಬರ ಅಟ್ಟದಲ್ಲಿ ಐದೂಕಾಲು ಅಂಗುಲದ ಬಾಯಿಯಿರುವ ಹಳೆಯ ಪಿಸಿ ಇನ್ನೂ ಚಾಲೂ ಇರುವುದು ತಿಳಿಯಿತು. ಹೊಸ ಕಂಪ್ಯೂಟರಿಗೆ ಅದರ ಭಾಷೆ ಬಾರದು. ಎರಡರ ನಡುವೆ ಎರಡು ಸರಿಗೆಗಳನ್ನು ಅದಲುಬದಲು ಮಾಡಿದ ಒಂದು ಕೇಬಲ್, ಒಂದರ ಬಾಯಿ ಇನ್ನೊಂದರ ಕಿವಿಗೆ. ತಂತ್ರಾಂಶ ಮತ್ತದೇ ಕರ್ಮಿಟ್. ಕೊಲಂಬಿಯಾ ವಿಶ್ವವಿದ್ಯಾಲಯ ಅದರ ಯೋಜನೆಯನ್ನು 2011ರಲ್ಲಿ ಮುಗಿಸಿದಾಗ ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿತ್ತು. ಎಂಟು ಬಿಟ್, ಪ್ಯಾರಿಟಿ ಇಲ್ಲ, ವೇಗ 9600, ಕ್ರಮ ತಪ್ಪದೆ. ಕಡತ ಬಂತು. ಅದೃಷ್ಟಕ್ಕೆ ಮೈಸೂರಿನವರು ಆ ರಾತ್ರಿ ಉಳಿಸಿಕೊಂಡಿದ್ದ ಪ್ರತಿಯೂ ಅದೇ ಯಂತ್ರದ ಹಾರ್ಡ್ ಡಿಸ್ಕಿನಲ್ಲಿತ್ತು. ಎರಡನ್ನೂ ಅಕ್ಷರಕ್ಕೆ ಅಕ್ಷರ ತೂಗಿ ನೋಡಿದೆ. ವ್ಯತ್ಯಾಸ ಒಂದೇ ಕಡೆ. ನನ್ನ ಫ್ಲಾಪಿಯಲ್ಲಿ 200, ಅವರದ್ದರಲ್ಲಿ 204. ಇಸ್ಕಿಯಲ್ಲಿ 200 ಎಂದರೆ ಪ. 204 ಎಂದರೆ ಮ. ಎರಡಕ್ಕೂ ನಡುವೆ ಇರುವುದು ಒಂದೇ ಬಿಟ್. 300ರ ವೇಗದಲ್ಲಿ ಸೊನ್ನೆಯ ಸ್ವರ ಹೋಗುತ್ತಿದ್ದ ಸೆಕೆಂಡಿನ ಮುನ್ನೂರನೆಯ ಒಂದು ಪಾಲಿನಲ್ಲಿ ಮಿಂಚೊಂದು ಕೂಗಿ ಅದನ್ನು ಒಂದಾಗಿಸಿತ್ತು. ಪ್ಯಾರಿಟಿಯ ಕಾವಲುಗಾರ ಇದ್ದಿದ್ದರೆ ಹಿಡಿಯುತ್ತಿದ್ದ. ಎಕ್ಸ್‌ಮೋಡೆಮ್ಮಿನ ಸರಳ ಮೊತ್ತವೂ ಹಿಡಿಯುತ್ತಿತ್ತು.

ಎರಡೂ ಪ್ರತಿಗಳನ್ನು ಅಚ್ಚು ಹಾಕಿಸಿ ಚಿಕ್ಕಪ್ಪನವರ ಮನೆಗೆ ಹೋದೆ. ಅವರಿಗೂ ಕಣ್ಣು ಮಂದವಾಗಿತ್ತು. ಓದಿ ಹೇಳುವುದು ಆರನೆಯ ತರಗತಿಯ ಮೊಮ್ಮಗಳ ಕೆಲಸ. ಅವಳಿಗೆ ಕನ್ನಡ ಲಿಪಿ ಬಾರದು. ಇದನ್ನು ನಿರೀಕ್ಷಿಸಿಯೇ ಕಡತವನ್ನು ಮಲಯಾಳ ಲಿಪಿಗೂ ತಿರುಗಿಸಿ ತಂದಿದ್ದೆ. ಇಸ್ಕಿಯ ವಿನ್ಯಾಸವನ್ನೇ ಅನುಸರಿಸಿದ ಯೂನಿಕೋಡಿನಲ್ಲಿ ಕನ್ನಡದ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಮಲಯಾಳದ ಅದೇ ಅಕ್ಷರ ಸಿಗುತ್ತದೆ. ಎಂಟನೆಯ ಬಿಟ್ಟಿನ ಅದೇ ತೂಕ, ಈ ಸಲ ಕೂಡುವ ಲೆಕ್ಕದಲ್ಲಿ. ಅವಳು ಬೆರಳಿಟ್ಟು ಓದಿದಳು, ಮಲಯಾಳ ಲಿಪಿಯಲ್ಲಿ ತನ್ನ ಮನೆಮಾತನ್ನು. ತೋಟದ ಪಾಲು ಎಂಬಲ್ಲಿಗೆ ಬಂದಾಗ ನಿಂತಳು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಯಿತು. ಮಲಯಾಳದಲ್ಲಿ ಇಂದಿಗೂ ಪಾಲ್ ಎಂದರೆ ಹಾಲೇ.

‘ಅಜ್ಜಾ, ಕಾಫಿ ತೋಟದಲ್ಲಿ ಹಾಲು ಎಲ್ಲಿಂದ ಬಂತು?’ ಎಂದು ಕೇಳಿದಳು.

ಚಿಕ್ಕಪ್ಪನವರು ನಕ್ಕು, ಆ ಸಾಲನ್ನು ಇನ್ನೊಮ್ಮೆ ಓದಿಸಿದರು.